ಗದಗಿನ ಶಿಬಿರಕ್ಕ ಎಫ್‌ಐಟಿ ಸಾಕೋ, ಮಲದ ಡಿಎನ್‌ಎ ಟೆಸ್ಟ್ ಬೇಕೋ? ರಕ್ತದ ಪ್ಯಾಕೇಜ್ ಬಗ್ಗೆನೂ ಹೇಳ್ರಿ

ಬೆಟಗೇರಿ_ಲ್ಯಾಬ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯೊಳಗ 45 ದಾಟಿದ ಸುಮಾರು 300 ಮಂದಿಗೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣಾ ಶಿಬಿರ ಮಾಡೋದೈತಿ, ಏಪ್ರಿಲ್ ತಿಂಗಳದಾಗ. ಸ್ಯಾಂಪಲ್ ತಗೊಂಡು ಹುಬ್ಬಳ್ಳಿಗೆ ಕಳಸೋ ಜವಾಬ್ದಾರಿ ನಮ್ಮ ಕಲೆಕ್ಷನ್ ಸೆಂಟರ್‌ದು. ಸಂಘಟಕರ ಮುಂದ ಮೂರು ಆಯ್ಕೆ ಅದಾವ: ಮಲದೊಳಗಿನ ರಕ್ತ ಹಿಡಿಯೋ ಎಫ್‌ಐಟಿ, ಮಲದ ಡಿಎನ್‌ಎ ಟೆಸ್ಟ್, ಮತ್ತ ಒಂದೇ ಸಲ ರಕ್ತ ತಗೊಂಡು ಹಲವು ಕ್ಯಾನ್ಸರ್ ಹೇಳ್ತೀವಿ ಅನ್ನೋ ಪ್ಯಾಕೇಜ್. ಮಾಲಿಕ್ಯುಲರ್ ಟೆಸ್ಟ್ ಹೊಸಾದು, ಅದನ್ನ ಮಾಡಸೋಣು ಅಂತಾರ ಅವರು.

ನನಗ ತಿಳೀಬೇಕಾಗಿದ್ದು ಇಷ್ಟು. ಈ ಮೂರರೊಳಗ ನಿಜವಾದ ವ್ಯತ್ಯಾಸ ಏನು? 38-39 ಡಿಗ್ರಿ ಬಿಸಿಲಿನೊಳಗ ಸ್ಯಾಂಪಲ್ ಕೆಡಲಾರದಂಗ ಹೆಂಗ ಕಳಸಬೇಕು? ಪಾಸಿಟಿವ್ ಬಂದವರಿಗೆ ಮುಂದೇನು? ಮನಿತನದಾಗ ಕ್ಯಾನ್ಸರ್ ಆದವರಿದ್ರ ಅವರಿಗೂ ಇದೇ ಟೆಸ್ಟ್ ನಡೀತದೇನು?

*

ಪಿಸಿಆರ್_ಧಾರವಾಡ ಉತ್ತರ:

ಮೊದಲು ರಕ್ತದ ಪ್ಯಾಕೇಜ್ ಬಗ್ಗೆ ಹೇಳ್ತೀನಿ. ಶಿಬಿರಗಳಲ್ಲಿ ಜನ ಅದಕ್ಕೇ ಹೆಚ್ಚು ಆಸೆಪಡ್ತಾರೆ, ಲೆಕ್ಕ ಎಡವೋದೂ ಅಲ್ಲೇ.

10 ಮಿ.ಲೀ. ರಕ್ತ ತೆಗೆದರೆ ಸುಮಾರು 4 ಮಿ.ಲೀ. ಪ್ಲಾಸ್ಮಾ ಸಿಗುತ್ತದೆ. ಆರೋಗ್ಯವಂತರ ಪ್ಲಾಸ್ಮಾದಲ್ಲಿ ತೇಲಾಡುವ ಬಿಡಿ ಡಿಎನ್‌ಎ ಮಿ.ಲೀ.ಗೆ ಕೆಲವೇ ನ್ಯಾನೊಗ್ರಾಂ. 5 ಅಂತ ಹಿಡಿಯಿರಿ, ಒಟ್ಟು 20 ನ್ಯಾನೊಗ್ರಾಂ ಆಯಿತು. ಒಂದು ನ್ಯಾನೊಗ್ರಾಂ ಅಂದರೆ ಮನುಷ್ಯನ ಜೀನೋಮಿನ ಸುಮಾರು 300 ಪ್ರತಿ. ಹಾಗಾಗಿ ನಿಮ್ಮ ಟ್ಯೂಬಿನಲ್ಲಿ ಒಂದೊಂದು ಜೀನಿನದೂ ಹೆಚ್ಚೂಕಡಿಮೆ 6,000 ಪ್ರತಿ ಇರುತ್ತವೆ, ಬಹುಪಾಲು ಬಿಳಿ ರಕ್ತಕಣಗಳಿಂದ ಬಂದದ್ದು. ಸಣ್ಣ ಗಡ್ಡೆಯಿಂದ ಬರುವ ಪಾಲು ಹತ್ತು ಸಾವಿರಕ್ಕೆ ಒಂದು ಅಂತಾದರೆ ಟ್ಯೂಬಿನಲ್ಲಿ ಆ ಗಡ್ಡೆಯ ಒಂದು ಪ್ರತಿಯೂ ಇರಲಿಕ್ಕಿಲ್ಲ. ಯಂತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಟ್ಯೂಬಿನಲ್ಲೇ ಇಲ್ಲದ್ದನ್ನ ತೋರಿಸಲಾರದು. ಅದಕ್ಕೇ ಈ ಟೆಸ್ಟ್‌ಗಳು ಒಂದೇ ರೂಪಾಂತರವನ್ನು ನೆಚ್ಚಿಕೊಳ್ಳದೆ, ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳನ್ನು (ಕ್ಯಾನ್ಸರ್‌ನಲ್ಲಿ ಬದಲಾಗುವ ಸಣ್ಣ ರಾಸಾಯನಿಕ ಗುರುತು) ಬಹಳ ಜಾಗಗಳಲ್ಲಿ ಒಟ್ಟಿಗೆ ನೋಡುತ್ತವೆ.

ಅಷ್ಟಾದರೂ ಮಿತಿ ಇದೆ. 2024ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಶೀಲ್ಡ್ ರಕ್ತಪರೀಕ್ಷೆ, ಅದರ ಮುಖ್ಯ ಅಧ್ಯಯನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಶೇ. 83.1 ಹಿಡಿಯಿತು. ಕ್ಯಾನ್ಸರ್ ಆಗುವ ಹಾದಿಯಲ್ಲಿರುವ ದೊಡ್ಡ ಪಾಲಿಪ್‌ಗಳಲ್ಲಿ (ಕರುಳಿನ ಒಳಗೋಡೆಯ ಗಂಟುಗಳು) ಹಿಡಿದದ್ದು ಶೇ. 13.2 ಮಾತ್ರ. ಕರುಳಿನ ತಪಾಸಣೆಯ ಮುಖ್ಯ ಲಾಭ ಇರುವುದೇ ಪಾಲಿಪ್ ಇದ್ದಾಗಲೇ ಕಿತ್ತು ತೆಗೆಯುವುದರಲ್ಲಿ. ಎಪಿಸಿ ಜೀನ್ ಕೆಟ್ಟು ಸಣ್ಣ ಪಾಲಿಪ್, ಕೆ-ರಾಸ್ ಕೆಟ್ಟು ಅದು ದೊಡ್ಡದಾಗೋದು, ಟಿಪಿ53 ಹೋದಮೇಲೆ ಕ್ಯಾನ್ಸರ್: ಈ ದಾರಿಗೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು. ಅಷ್ಟು ದೊಡ್ಡ ಅವಕಾಶವನ್ನು ರಕ್ತಪರೀಕ್ಷೆ ಬಹುತೇಕ ಕೈಬಿಡುತ್ತದೆ. ಅದು ಒಂದೇ ಕ್ಯಾನ್ಸರ್‌ಗೆ ಅಂತ ಮಾಡಿದ ಟೆಸ್ಟ್ ನೋಡ್ರಿ. ಹಲವು ಕ್ಯಾನ್ಸರ್ ಪ್ಯಾಕೇಜ್ ತಂದವರ ಹತ್ತಿರ ಒಂದೇ ಮಾತು ಕೇಳಿ: ಮೊದಲ ಹಂತದ ಕರುಳಿನ ಕ್ಯಾನ್ಸರ್‌ನಲ್ಲಿ, ಪಾಲಿಪ್‌ನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಬೇರೆಬೇರೆಯಾಗಿ ಬರೆದುಕೊಡಿ. ಎಲ್ಲ ಹಂತ ಸೇರಿಸಿದ ಒಂದೇ ಅಂಕಿ ಕೊಟ್ಟರೆ ಒಪ್ಪಬೇಡಿ. ಸಿಇಎ, ಸಿಎ 19-9 ಎಂಬ ರಕ್ತದ ಗುರುತುಗಳನ್ನು ಹಾಕಿ ಅದನ್ನೇ ಕ್ಯಾನ್ಸರ್ ಪ್ಯಾಕೇಜ್ ಅಂದರೆ ಅದು ತಪಾಸಣೆಯೇ ಅಲ್ಲ. ಸಿಇಎ ಬೀಡಿ ಸೇದುವವರಲ್ಲೂ ಏರುತ್ತದೆ, ಸಿಎ 19-9 ಪಿತ್ತನಾಳದ ಕಲ್ಲಿಗೂ ಏರುತ್ತದೆ.

ಮಲದ ಡಿಎನ್‌ಎ ಇದಕ್ಕಿಂತ ಗಟ್ಟಿ. ಪಾಲಿಪ್ ಮೇಲಿನ ಕೋಶಗಳು ನೇರವಾಗಿ ಮಲಕ್ಕೇ ಉದುರುತ್ತವೆ, ಅದಕ್ಕೆ. ಆದರೆ ಅಲ್ಲಿ ಸಿಗುವ ಡಿಎನ್‌ಎಯಲ್ಲಿ ಬಹುತೇಕ ಎಲ್ಲವೂ ಬ್ಯಾಕ್ಟೀರಿಯಾದ್ದು, ಮನುಷ್ಯನದು ಶೇ. 0.01ರ ಆಸುಪಾಸು. ಮೇಲಾಗಿ ಪಿತ್ತದ ಲವಣ, ಸಸ್ಯದ ಪಾಲಿಸ್ಯಾಕರೈಡ್‌ಗಳು ಪಿಸಿಆರ್‌ಗೆ (ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಓದುವ ವಿಧಾನ) ಅಡ್ಡಿಮಾಡುತ್ತವೆ. ಅದಕ್ಕಾಗಿ ಬೇಕಾದ ಜೀನಿನ ತುಣುಕನ್ನು ಮಾತ್ರ ಕಾಂತೀಯ ಮಣಿಗಳಿಗೆ ಹಿಡಿಸಿ ಉಳಿದದ್ದನ್ನು ತೊಳೆಯುತ್ತಾರೆ. ಆಮೇಲೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕುತ್ತಾರೆ. ಡಿಎನ್‌ಎ ಅಕ್ಷರಗಳಲ್ಲಿ ಒಂದಾದ ಸೈಟೊಸಿನ್, ಮಿಥೈಲ್ ಇಲ್ಲದಿದ್ದರೆ ಯುರಾಸಿಲ್ ಎಂಬ ಬೇರೆ ಅಕ್ಷರ ಆಗುತ್ತದೆ, ಮಿಥೈಲ್ ಇದ್ದದ್ದು ಹಾಗೇ ಉಳಿಯುತ್ತದೆ. ಆ ವ್ಯತ್ಯಾಸವನ್ನೇ ಪಿಸಿಆರ್ ಓದುವುದು. ಬೈಸಲ್ಫೈಟ್ ಡಿಎನ್‌ಎಯನ್ನು ಚೂರುಮಾಡುವುದರಿಂದ ಮೊದಲೇ ಕೆಟ್ಟ ಸ್ಯಾಂಪಲ್ ಇಲ್ಲಿ ಸತ್ತೇ ಹೋಗುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಬೀಟಾ-ಆಕ್ಟಿನ್‌ನಂಥ ಆಂತರಿಕ ಕಂಟ್ರೋಲ್ (ಸ್ಯಾಂಪಲ್‌ನಲ್ಲಿ ಮನುಷ್ಯನ ಡಿಎನ್‌ಎ ಸಾಕಷ್ಟಿತ್ತು ಅಂತ ತೋರಿಸುವ ಗುರುತು) ಬಂದಿದೆಯೋ ಇಲ್ಲವೋ ಕಡ್ಡಾಯವಾಗಿ ನೋಡಿ. ಕಂಟ್ರೋಲ್ ಬರದೆ ಕೊಟ್ಟ ನೆಗೆಟಿವ್‌ಗೆ ಬೆಲೆಯಿಲ್ಲ.

2014ರಲ್ಲಿ ಎಫ್‌ಡಿಎ ಒಪ್ಪಿದ ಕೊಲೊಗಾರ್ಡ್ ಕಿಟ್ ಕೆ-ರಾಸ್ ರೂಪಾಂತರ, ಎನ್‌ಡಿಆರ್‌ಜಿ4 ಹಾಗೂ ಬಿಎಂಪಿ3 ಜೀನ್‌ಗಳ ಮಿಥೈಲೇಷನ್, ಜೊತೆಗೆ ಹಿಮೋಗ್ಲೋಬಿನ್ ನೋಡುತ್ತಿತ್ತು. 9,989 ಜನರ ಅಧ್ಯಯನದಲ್ಲಿ ಕ್ಯಾನ್ಸರ್ ಹಿಡಿದದ್ದು ಶೇ. 92.3, ಅದೇ ಜನರಲ್ಲಿ ಎಫ್‌ಐಟಿ ಶೇ. 73.8. ದೊಡ್ಡ ಪಾಲಿಪ್‌ಗಳಲ್ಲಿ 42.4 ಮತ್ತು 23.8. ಆದರೆ ಕ್ಯಾನ್ಸರ್ ಆಗಲಿ ದೊಡ್ಡ ಪಾಲಿಪ್ ಆಗಲಿ ಇಲ್ಲದವರಿಗೆ ಸರಿಯಾಗಿ ನೆಗೆಟಿವ್ ಹೇಳಿದ್ದು ಡಿಎನ್‌ಎ ಶೇ. 86.6, ಎಫ್‌ಐಟಿ 94.9. ಇದನ್ನ ನಿಮ್ಮ 300ಕ್ಕೆ ಹಚ್ಚಿ ನೋಡಿ. ಎಫ್‌ಐಟಿಯಿಂದ ಸುಮಾರು 15 ಸುಳ್ಳು ಪಾಸಿಟಿವ್, ಡಿಎನ್‌ಎಯಿಂದ ಸುಮಾರು 40. ಆ ಅಧ್ಯಯನದ 9,989 ಜನರಲ್ಲಿ ಕ್ಯಾನ್ಸರ್ ಇದ್ದವರು 65, ಅದೂ ನಮಗಿಂತ ಈ ರೋಗ ಹೆಚ್ಚಿರುವ ದೇಶದಲ್ಲಿ. ನಿಮ್ಮ ಶಿಬಿರದಲ್ಲಿ ಒಬ್ಬರು ಸಿಗಬಹುದು, ಯಾರೂ ಸಿಗದೆಯೂ ಇರಬಹುದು. ಆದರೆ ಡಿಎನ್‌ಎ ಟೆಸ್ಟ್ ಆಯ್ದುಕೊಂಡರೆ 40 ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ನಳಿಕೆ ಹಾಕಿ ಕರುಳು ನೋಡುವುದು) ಮಾತ್ರ ಮಾಡಿಸಲೇಬೇಕು. ಅಷ್ಟು ಸ್ಲಾಟ್ ಮೊದಲೇ ಗೊತ್ತುಮಾಡಿಕೊಂಡಿದ್ದೀರಾ?

ನನ್ನ ಸಲಹೆ: ಶಿಬಿರಕ್ಕೆ ರಕ್ತದ ಪ್ರಮಾಣವನ್ನು ಅಂಕಿಯಲ್ಲಿ ಕೊಡುವ ಎಫ್‌ಐಟಿ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಇಲ್ಲವೇ ಎರಡು ವರ್ಷಕ್ಕೊಮ್ಮೆ ಅದೇ ಜನರಿಗೆ ತಪ್ಪದೆ ಮಾಡಿ. ಸರ್ಕಾರದ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಹಾಗಾಗಿ ಮುಂದಿನ ವರ್ಷ ಇವರನ್ನು ಕರೆಯುವವರು ನೀವೇ. ಹೆಸರು, ಫೋನ್ ಇರುವ ರಿಜಿಸ್ಟರ್ ಈಗಲೇ ಶುರುಮಾಡಿ.

*

ಐಸ್‌ಪ್ಯಾಕ್_ಹುಬ್ಬಳ್ಳಿ ಉತ್ತರ:

ಸ್ಯಾಂಪಲ್ ಬಗ್ಗೆ ನಾ ಹೇಳ್ತೀನ್ರಿ. ಎಫ್‌ಐಟಿ ಕೆಡೋದು ಲ್ಯಾಬಿಗೆ ಬಂದಮ್ಯಾಲಲ್ಲ, ಪಾಯಖಾನ್ಯಾಗ ಮತ್ತ ದಾರ್‍ಯಾಗ.

ಎಫ್‌ಐಟಿ ಹಿಡಿಯೋದು ಮನುಷ್ಯರ ಗ್ಲೋಬಿನ್ ಪ್ರೋಟೀನು. ಅದಕ್ಕ ಮಟನ್, ಮೂಲಂಗಿ ತಿಂದ್ರೂ ನಡೀತೈತಿ. ಹಳೇ ಗ್ವಾಯಾಕ್ ಟೆಸ್ಟಿಗೆ ಅವೆಲ್ಲ ಬಿಡಬೇಕಾಗ್ತಿತ್ತು. ಆದ್ರ ಗ್ಲೋಬಿನ್‌ಗೆ ಬಿಸಿಲು ಆಗಿಬರೂದಿಲ್ಲ. ಬಿಸಿಯೊಳಗ ಅದು ಒಡದು ಹೋದ್ರ ಪಾಸಿಟಿವ್ ಆಗಬೇಕಾದವರು ನೆಗೆಟಿವ್ ಆಗ್ತಾರ, ಯಾರಿಗೂ ಗೊತ್ತಾಗೂದಿಲ್ಲ. ಬ್ಯಾಸಿಗ್ಯಾಗ ಎಫ್‌ಐಟಿ ಪಾಸಿಟಿವ್ ಕಡಿಮಿ ಆಗೋದು ಬ್ಯಾರೆ ದೇಶದಾಗೂ ಕಂಡ ಮಾತು.

ಮಂದಿಗೆ ಕೊಡೋ ಚೀಟಿ ಮ್ಯಾಲೆ ಹಿಂಗ ಬರೀರಿ. ಭಾರತೀಯ ಪಾಯಖಾನೆ ಇದ್ರ ಕುಣಿ ಮುಂದಿನ ಒಣ ಭಾಗದ ಮ್ಯಾಲೆ ದಪ್ಪ ಕಾಗದ ಹಾಸಿ ಅದರ ಮ್ಯಾಲೆ ಮಲ ಬೀಳಬೇಕು. ನೀರು, ಮೂತ್ರ, ಫಿನಾಯಿಲ್, ಆ್ಯಸಿಡ್ ತಾಗಬಾರದು. ಟ್ಯೂಬಿನ ಕಡ್ಡಿ ತಿರುವಿ ತಗದು ಮಲದ ಮ್ಯಾಲಿನ ಮೈಗೆ ಐದಾರು ಕಡೆ ಚುಚ್ಚಬೇಕು, ಒಂದ ಕಡೆ ಅಲ್ಲ. ಪಾಲಿಪ್‌ನಿಂದ ಬರೋ ರಕ್ತ ಒಂದು ಬದೀಗೆ ಗೆರಿ ಎಳದಂಗ ಹತ್ತಿರ್ತೈತಿ, ಅದಕ್ಕ. ಕಡ್ಡಿ ತುದಿಯ ಹಳ್ಳ ತುಂಬಿದ್ರ ಸಾಕು. ಹೆಚ್ಚಿದ್ದನ್ನ ಟ್ಯೂಬಿನ ಬಾಯಾಗಿನ ರಬ್ಬರ್ ತಾನ ಒರಸ್ತೈತಿ. ಕಡ್ಡಿ ಒಮ್ಮೆ ಒಳಗ ಹೋದಮ್ಯಾಲೆ ಮತ್ತ ತಗದು ಚುಚ್ಚಬ್ಯಾಡ್ರಿ, ಬಫರ್ (ಟ್ಯೂಬಿನೊಳಗಿನ ದ್ರವ) ಚೆಲ್ತೈತಿ, ಲೆಕ್ಕ ತಪ್ತೈತಿ. ಮೂಲವ್ಯಾಧಿ ರಕ್ತ ಬೀಳೋ ದಿನ, ಮುಟ್ಟಿನ ದಿನ, ಭೇದಿ ಇದ್ದ ದಿನ ಬ್ಯಾಡ. ಟ್ಯೂಬಿನ ಮ್ಯಾಲೆ ಹೆಸರಿನ ಜೋಡಿ ತಗೊಂಡ ತಾರೀಖು, ವ್ಯಾಳ್ಯಾ ಬರಿಯಾಕಬೇಕು.

ತಗೊಂಡ ಕೂಡಲೆ ಪಾಲಿಥೀನ್ ಚೀಲದಾಗ ಹಾಕಿ ಫ್ರಿಜ್‌ನಾಗ, 2ರಿಂದ 8 ಡಿಗ್ರಿ. ಫ್ರೀಜರ್‌ನಾಗ ಅಲ್ಲ. ಮನ್ಯಾಗ ಫ್ರಿಜ್ ಇಲ್ಲದವರಿಗೆ ಮುಂಜಾನೆ ತಗೊಂಡು 10ರೊಳಗ ನಿಮ್ಮ ಕಡೆ ಮುಟ್ಟಸಾಕ ಹೇಳ್ರಿ, ನೀವು ಕೂಡಲೆ ಫ್ರಿಜ್‌ನಾಗ ಇಡ್ರಿ. ಬಫರ್ ಇಲ್ಲದ ಬರೇ ಡಬ್ಬಿಯೊಳಗ ಮಲ ತಂದ್ರ ತಗೋಬ್ಯಾಡ್ರಿ, ಅದರಾಗ ಗ್ಲೋಬಿನ್ ಇನ್ನೂ ಲಗೂ ಒಡೀತೈತಿ. ಗದಗದಿಂದ ಹುಬ್ಬಳ್ಳಿ ಒಂದು-ಒಂದೂವರೆ ತಾಸಿನ ದಾರಿ, ಥರ್ಮೋಕೋಲ್ ಡಬ್ಬಿ, ಜೆಲ್ ಪ್ಯಾಕ್, ನಡಕ ರಟ್ಟಿನ ಹಾಳಿ. ಜೆಲ್ ಪ್ಯಾಕ್ ಟ್ಯೂಬಿಗೆ ನೇರ ತಾಗಿ ಹೆಪ್ಪುಗಟ್ಟಬಾರದು. ಡಬ್ಬಿಯೊಳಗ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟು ಹೊರಡುವಾಗ, ಮುಟ್ಟಿದಾಗ ಬರಕೊಳ್ರಿ. ಬಸ್ಸಿನ ಡಿಕ್ಕಿಯೊಳಗ ಹಾಕಿ ಕಳಸೋದು ಬ್ಯಾಡ, ಏಪ್ರಿಲ್‌ದಾಗ ಡಿಕ್ಕಿ ಒಲಿ ಆಗಿರ್ತೈತಿ.

ಕಿಟ್ ಕೊಳ್ಳುವಾಗ ಒಂದು ಮಾತು. ಕಟ್-ಆಫ್ (ಇದನ್ನ ಮುಟ್ಟಿದ್ರ ಪಾಸಿಟಿವ್ ಅನ್ನೋ ಮಿತಿ) ಮಿ.ಲೀ. ಲೆಕ್ಕದಾಗ ಬರದಿರ್ತಾರ, ಅದು ಬ್ರ್ಯಾಂಡಿಗೊಂದು ನಮೂನಿ. ಒಂದು ಗ್ರಾಂ ಮಲಕ್ಕ ಎಷ್ಟು ಮೈಕ್ರೊಗ್ರಾಂ ಅಂತ ತಿರುವಿ ಕೇಳ್ರಿ. 10 ಮಿ.ಗ್ರಾಂ ಮಲ 2 ಮಿ.ಲೀ. ಬಫರಿಗೆ ಹೋಗೋ ಟ್ಯೂಬಿನಾಗ ಮಿ.ಲೀ.ಗೆ 100 ನ್ಯಾನೊಗ್ರಾಂ ಅಂದ್ರ ಗ್ರಾಂಗೆ 20 ಮೈಕ್ರೊಗ್ರಾಂ. ಎರಡು ಗೆರಿ ಕಾಣೋ ಕಾರ್ಡ್ ಟೆಸ್ಟ್ ಅಗ್ಗ ಖರೆ, ಆದ್ರ ಕಟ್-ಆಫ್ ಬದಲಾಯಿಸಾಕ ಬರೂದಿಲ್ಲ, ಮಸಕು ಗೆರಿ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಕಾಣ್ತೈತಿ.

*

ಸ್ಕೋಪ್_ವಿದ್ಯಾನಗರ ಉತ್ತರ:

ಪಾಸಿಟಿವ್ ಬಂದವರಿಗೆ ಎಫ್‌ಐಟಿ ಮರುಪರೀಕ್ಷೆ ಮಾಡಿಸಬೇಡಿ. ಪಾಲಿಪ್ ದಿನಾ ರಕ್ತ ಸೋರುವುದಿಲ್ಲ. ಎರಡನೇ ಸಲ ನೆಗೆಟಿವ್ ಬಂದರೆ ಜನ ಸಮಾಧಾನ ಮಾಡಿಕೊಂಡು ಮನೆಗೆ ಹೋಗುತ್ತಾರೆ, ಪಾಲಿಪ್ ಅಲ್ಲೇ ಇರುತ್ತದೆ. ನೇರ ಕೊಲೊನೋಸ್ಕೋಪಿ. ಒಂದೆರಡು ತಿಂಗಳಲ್ಲಿ ಮುಗಿಸಿದರೆ ಒಳ್ಳೆಯದು, ಆರು ತಿಂಗಳು ದಾಟಿಸಲೇಬಾರದು. ಮೂಲವ್ಯಾಧಿ ಇದೆ, ಅದರದೇ ರಕ್ತ ಇರಬೇಕು ಅಂತ ಬಿಟ್ಟುಬಿಡುವುದೂ ಸರಿಯಲ್ಲ. ಎರಡೂ ಒಟ್ಟಿಗೆ ಇರಬಹುದು.

ತಯಾರಿ ಕೆಟ್ಟರೆ ಕೊಲೊನೋಸ್ಕೋಪಿಯೂ ಕೆಟ್ಟಿತು. ನಮ್ಮ ಕಡೆ ತೊಂದರೆ ಕೊಡುವುದು ಬೀಜ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಪೇರಲ, ಟೊಮೆಟೊ ಬೀಜ ಇವೆಲ್ಲ ಮೂರು ದಿನ ಮುಂಚೆ ನಿಲ್ಲಬೇಕು. ಗುರೆಳ್ಳು ಸ್ಕೋಪಿನ ಹೀರುನಳಿಕೆಗೆ ಸಿಕ್ಕಿಕೊಂಡು ನೋಡುವುದೇ ನಿಂತುಹೋಗುತ್ತದೆ. ಕಬ್ಬಿಣದ ಗುಳಿಗೆ ಒಂದು ವಾರ ಮುಂಚೆ ಬಿಡಬೇಕು, ಇಲ್ಲದಿದ್ದರೆ ಕಪ್ಪು ಮಲ ಗೋಡೆಗೆ ಅಂಟಿರುತ್ತದೆ. ಭೇದಿ ಔಷಧವನ್ನು ಅರ್ಧ ಹಿಂದಿನ ರಾತ್ರಿ, ಅರ್ಧ ಅದೇ ದಿನ ನಸುಕಿನಲ್ಲಿ ಕುಡಿಸಿ. ಪೂರ್ತಿ ರಾತ್ರಿಯೇ ಕುಡಿದವರ ಬಲಭಾಗದ ಕರುಳು ಬೆಳಿಗ್ಗೆ ಹೊತ್ತಿಗೆ ಮತ್ತೆ ಹೊಲಸಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಔಷಧಿ ಇದ್ದವರು ತಮ್ಮ ಡಾಕ್ಟರ್ ಹತ್ತಿರ ಮೊದಲೇ ಮಾತಾಡಬೇಕು. ರಿಪೋರ್ಟಿನಲ್ಲಿ ಸೀಕಮ್ (ದೊಡ್ಡ ಕರುಳು ಶುರುವಾಗುವ ತುದಿ) ಮುಟ್ಟಿದ್ದು, ಹೊರಗೆ ಬರುವಾಗ ಕನಿಷ್ಠ 6 ನಿಮಿಷ ನೋಡಿದ್ದು, ಕರುಳು ಎಷ್ಟು ಸ್ವಚ್ಛ ಇತ್ತು ಎಂಬುದು, ಈ ಮೂರೂ ಇರಲಿ.

ಇನ್ನೊಂದು ಮಾತು. ತಪಾಸಣೆ ಅನ್ನುವುದು ತೊಂದರೆ ಇಲ್ಲದವರಿಗೆ. ಮಲದಲ್ಲಿ ರಕ್ತ, ತೂಕ ಇಳಿತ, ಹೊಸದಾಗಿ ಮಲದ ರೂಢಿ ಬದಲಾದದ್ದು ಇದ್ದರೆ ಎಫ್‌ಐಟಿ ನೆಗೆಟಿವ್ ಬಂದರೂ ಡಾಕ್ಟರಿಗೆ ತೋರಿಸಲೇಬೇಕು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಟಾನಿಕ್ ಬರೆದುಕೊಟ್ಟು ಕಳಿಸಬಾರದು, ಮೇಲಿನಿಂದಲೂ ಕೆಳಗಿನಿಂದಲೂ ಸ್ಕೋಪ್ ಆಗಬೇಕು.

*

ಬೆಟಗೇರಿ_ಲ್ಯಾಬ್:

ಬಹಳ ಉಪಕಾರ ಆತ್ರಿ ಎಲ್ಲಾರಿಂದ. ಎಫ್‌ಐಟಿನ ಮಾಡ್ತೀವಿ. ನೋಂದಣಿ ಫಾರ್ಮ್‌ಗಳು ಬರಾಕ ಹತ್ಯಾವ, ಅದರಾಗ ಇಂಥಾ ಮನಿತನ ಕಾಣ್ತಾವ: ಅಪ್ಪಗ 46ಕ್ಕ ಕರುಳಿನ ಕ್ಯಾನ್ಸರ್, ಅಪ್ಪನ ತಂಗಿಗೆ 50ರೊಳಗ ಗರ್ಭಕೋಶದ ಕ್ಯಾನ್ಸರ್. ಮಗಗ ಈಗ 34, ಎಫ್‌ಐಟಿ ಬೇಕು ಅಂತಾನ. ಇಲ್ಲಂದ್ರ ಜೀನ್ ಟೆಸ್ಟಿಗೆ ರಕ್ತ ಕೊಡ್ತೀನಿ ಅಂತಾನ. ಏನು ಹೇಳಬೇಕು?

*

ಸ್ಲೈಡ್_ಸಪ್ತಾಪುರ ಉತ್ತರ:

ಈ ಮಗನಿಗೆ ಎಫ್‌ಐಟಿ ಕೊಡಬೇಡ್ರಿ. ನೆಗೆಟಿವ್ ಬಂದರೆ ಹಾನಿಯೇ ಹೆಚ್ಚು. ನೀವು ಬರೆದ ಚಿತ್ರ ಲಿಂಚ್ ಸಿಂಡ್ರೋಮ್ (ಮನೆತನದಲ್ಲಿ ಹರಿದು ಬರುವ, ಕರುಳು-ಗರ್ಭಕೋಶದ ಕ್ಯಾನ್ಸರ್ ತರುವ ದೋಷ) ಇರಬಹುದು ಅಂತ ಹೇಳುತ್ತಿದೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅನ್ನುವ ನಾಲ್ಕು ಡಿಎನ್‌ಎ ರಿಪೇರಿ ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಾಲಿಕ್ಯುಲರ್ ಬಯಾಲಜಿ ನಮ್ಮ ಭಾಗದಲ್ಲಿ ನಿಜವಾಗಿ ಜೀವ ಉಳಿಸುವ ಜಾಗ ಇದು. ಆದರೆ ಶುರುಮಾಡಬೇಕಾದ್ದು ಮಗನ ರಕ್ತದಿಂದಲ್ಲ, ಅಪ್ಪನ ಗಡ್ಡೆಯ ತುಂಡನ್ನು ಮೇಣದಲ್ಲಿ ಹುಗಿದಿಟ್ಟ ಬ್ಲಾಕ್‌ನಿಂದ.

ಅಪ್ಪನ ಆಪರೇಷನ್ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಾಗಲಿ, ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ, ಸತ್ತೂರಿನ ಆಸ್ಪತ್ರೆಯಲ್ಲಾಗಲಿ, ಎಲ್ಲಿ ಆಗಿದೆಯೋ ಅಲ್ಲಿನ ಪೆಥಾಲಜಿ ವಿಭಾಗದಲ್ಲಿ ಮೇಣದ ಬ್ಲಾಕ್ ಇರುತ್ತದೆ. ಹಳೇ ಬಯಾಪ್ಸಿ ರಿಪೋರ್ಟಿನ ಮೇಲಿನ ನಂಬರ್ ಹಿಡಿದು ಅರ್ಜಿ ಕೊಡಬೇಕು. ಅಪ್ಪ ತೀರಿಹೋಗಿದ್ದರೂ ಬ್ಲಾಕ್ ಕೆಲಸಕ್ಕೆ ಬರುತ್ತದೆ. ಮೊದಲು ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಅಂದರೆ ಆ ಜೀನ್‌ಗಳ ಪ್ರೋಟೀನಿಗೆ ಬಣ್ಣ ಹಚ್ಚಿ ನೋಡುವುದು: ನಾಲ್ಕು ಪ್ರೋಟೀನಿಗೆ ನಾಲ್ಕು ಸ್ಲೈಡ್. ಗಡ್ಡೆಯ ಕೋಶಗಳ ನ್ಯೂಕ್ಲಿಯಸ್‌ಗೆ ಕಂದು ಬಣ್ಣ ಬರದೆ, ಪಕ್ಕದ ಲಿಂಫೋಸೈಟ್‌ಗಳಿಗೆ (ಗಡ್ಡೆಯದಲ್ಲದ ಬಿಳಿ ರಕ್ತಕಣ) ಬಂದಿದ್ದರೆ ಮಾತ್ರ ಆ ಪ್ರೋಟೀನ್ ಇಲ್ಲ ಅನ್ನಬಹುದು. ಲಿಂಫೋಸೈಟ್‌ಗೂ ಬಂದಿಲ್ಲ ಅಂದರೆ ಸ್ಟೇನೇ ಸೋತಿದೆ, ಮತ್ತೆ ಮಾಡಬೇಕು. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಜೊತೆಗೇ ಹೋಗುತ್ತದೆ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6. ಎಂಎಲ್‌ಎಚ್1 ಇಲ್ಲದಿದ್ದಾಗ ಇನ್ನೊಂದು ಹೆಜ್ಜೆ ಇದೆ: ಬಿರಾಫ್ ಜೀನಿನ ವಿ600ಇ ರೂಪಾಂತರ ಅಥವಾ ಎಂಎಲ್‌ಎಚ್1 ಪ್ರೊಮೋಟರ್ ಮಿಥೈಲೇಷನ್ ನೋಡಬೇಕು. ಅವು ಇದ್ದರೆ ಅದು ವಯಸ್ಸಿನಿಂದ ಬಂದದ್ದು, ಮನೆತನದ್ದಲ್ಲ ಅನ್ನುವ ಕಡೆಗೆ ವಾಲುತ್ತದೆ. ಪಿಸಿಆರ್‌ನಿಂದ ಮೈಕ್ರೊಸ್ಯಾಟಲೈಟ್ (ಡಿಎನ್‌ಎಯಲ್ಲಿ ಮರುಕಳಿಸುವ ಸಣ್ಣ ತುಣುಕು) ನೋಡುವವರು ಬಿಎಟಿ-25, ಬಿಎಟಿ-26ರಂಥ ಐದು ಗುರುತು ನೋಡುತ್ತಾರೆ. ಎರಡು ಅಥವಾ ಹೆಚ್ಚು ಅಲುಗಿದ್ದರೆ ಅಸ್ಥಿರ, ಅಂದರೆ ರಿಪೇರಿ ಕೆಟ್ಟಿದೆ. ಅದಕ್ಕೆ ಕತ್ತರಿಸಿದ ತುಂಡಿನಲ್ಲಿ ಗಡ್ಡೆಯ ಕೋಶ ಕನಿಷ್ಠ ಶೇ. 20ರಷ್ಟಾದರೂ ಇರಬೇಕು.

ಇಷ್ಟಾದ ಮೇಲೆ ಅಪ್ಪನ ಅಥವಾ ರೋಗ ಬಂದ ಅತ್ತೆಯ ರಕ್ತ, ಇಡಿಟಿಎ ಟ್ಯೂಬಿನಲ್ಲಿ 2-3 ಮಿ.ಲೀ. ಜೀನ್ ಪ್ಯಾನೆಲ್ (ಹಲವು ಜೀನ್ ಒಟ್ಟಿಗೆ ಓದುವ ಟೆಸ್ಟ್) ಜೊತೆ ಜೀನಿನ ದೊಡ್ಡ ತುಂಡು ಕಳಚಿದ್ದನ್ನು ಹಿಡಿಯುವ ಎಂಎಲ್‌ಪಿಎ ಸೇರಿದೆಯೋ ಕೇಳಿ. ಪಿಎಂಎಸ್2ಗೆ ಅದರಂತೆಯೇ ಕಾಣುವ ಹುಸಿ ಜೀನ್‌ಗಳಿವೆ, ಅದನ್ನು ಬೇರ್ಪಡಿಸಿ ಓದದಿದ್ದರೆ ತಪ್ಪು ವರದಿ ಬರುತ್ತದೆ. ಅವರಲ್ಲಿ ಕೆಟ್ಟ ಜಾಗ ಗೊತ್ತಾದರೆ ಮಗನಿಗೆ ಆ ಒಂದೇ ಜಾಗ ನೋಡಿದರೆ ಸಾಕು. ಆಗ ಅವನ ನೆಗೆಟಿವ್‌ಗೆ ಪೂರ್ತಿ ಅರ್ಥ ಇರುತ್ತದೆ. ಅಪ್ಪನದು ಗೊತ್ತಿಲ್ಲದೆ ಮಗನ ರಕ್ತ ಮಾತ್ರ ನೋಡಿ ನೆಗೆಟಿವ್ ಬಂದರೆ, ಮನೆತನದ ದೋಷ ಅವನಿಗೆ ಬಂದಿಲ್ಲವೋ, ಟೆಸ್ಟಿಗೇ ಸಿಕ್ಕಿಲ್ಲವೋ, ಹೇಳುವ ಹಾಗಿಲ್ಲ. ವಿಯುಎಸ್ ಅಂತ ಬಂದರೆ ಅರ್ಥ ಇನ್ನೂ ತೀರ್ಮಾನವಾಗದ ಬದಲಾವಣೆ. ಅದರ ಮೇಲೆ ಆಪರೇಷನ್ ಗೀಪರೇಷನ್ ನಿರ್ಧಾರ ಯಾರೂ ಮಾಡಬಾರದು.

ಇದೆಲ್ಲ ಮುಗಿಯುವ ತನಕ ಅವನು ಕಾಯಬೇಕಿಲ್ಲ. ಲಿಂಚ್ ಇರುವವರಲ್ಲಿ ಎಂಎಲ್‌ಎಚ್1, ಎಂಎಸ್‌ಎಚ್2 ದೋಷಕ್ಕೆ 20-25ನೇ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಹೇಳುತ್ತಾರೆ. 34 ಅಂದರೆ ಈಗಾಗಲೇ ತಡ. ಈಗಲೇ ಒಂದು ಮಾಡಿಸಲಿ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಆಪರೇಷನ್ ಮಾಡುವವರು ಈ ಎಳೆ ಓದುತ್ತಿದ್ದರೆ ಅವರಿಗೂ ಕೈಮುಗಿದು ಒಂದು ಮಾತು. ಬ್ಲಾಕ್ ಹಾಳಾಗುವುದು ನಿಮ್ಮ ಬಾಟಲಿಯಲ್ಲಿ. ಬಫರ್ ಇಲ್ಲದ ಫಾರ್ಮಾಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿ ಡಿಎನ್‌ಎ ಚೂರಾಗುತ್ತದೆ. ಒಂದು ಲೀಟರಿಗೆ: ಅಂಗಡಿಯ 37-40 ಶೇಕಡದ ಫಾರ್ಮಾಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ತುಂಡಿನ ಹತ್ತು ಪಟ್ಟು ದ್ರವ, ಅಗಲ ಬಾಯಿಯ ಡಬ್ಬಿ. ಕರುಳನ್ನು ಉದ್ದಕ್ಕೆ ಸೀಳಿ ಹಾಕಿ. ಫಾರ್ಮಾಲಿನ್ ತಾಸಿಗೆ ಸುಮಾರು ಒಂದು ಮಿ.ಮೀ. ಮಾತ್ರ ಒಳಗಿಳಿಯುತ್ತದೆ, ಸೀಳದೆ ಹಾಕಿದರೆ ಒಳಪದರ ಕೊಳೆಯುತ್ತದೆ. 6ರಿಂದ 72 ತಾಸಿನೊಳಗೆ ಲ್ಯಾಬಿನಲ್ಲಿ ಪ್ರೊಸೆಸ್ ಆಗಬೇಕು. ವಾರಗಟ್ಟಲೆ ನೆನೆದರೆ ಸೈಟೊಸಿನ್ ಕೆಟ್ಟು ಇಲ್ಲದ ರೂಪಾಂತರ ಇದ್ದ ಹಾಗೆ ಕಾಣುತ್ತದೆ. ಹೊಸ ಕರುಳಿನ ಕ್ಯಾನ್ಸರ್ ಪ್ರತಿಯೊಂದಕ್ಕೂ ಈ ನಾಲ್ಕು ಪ್ರೋಟೀನ್ ನೋಡಿಸಿ. ರಿಪೇರಿ ಜೀನ್ ಕೆಟ್ಟ ಗಡ್ಡೆಗೆ ಇಮ್ಯುನೊಥೆರಪಿ ಕೆಲಸ ಮಾಡುವುದರಿಂದ ಆ ರೋಗಿಗೂ ಉಪಯೋಗ.

*

ರಾಣೆಬೆನ್ನೂರು_ಆರೋಗ್ಯ:

ಹಾವೇರಿ ಕಡೆ ಗುಟ್ಕಾ, ತಂಬಾಕು ಬಹಳ. ಅನ್ನನಾಳ, ಹೊಟ್ಟೆಯ ಕ್ಯಾನ್ಸರ್‌ಗೆ ಇಂಥ ಟೆಸ್ಟ್ ಇವೆಯಾ ಸರ್? ಎಫ್‌ಐಟಿಯಲ್ಲಿ ಅದೂ ಸಿಗುತ್ತದೆಯಾ?

*

ಸ್ಕೋಪ್_ವಿದ್ಯಾನಗರ ಉತ್ತರ:

ಎಫ್‌ಐಟಿಯಲ್ಲಿ ಸಿಗುವುದಿಲ್ಲ. ಮೇಲಿನಿಂದ ಬರುವ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗುತ್ತದೆ. ಅನ್ನನಾಳಕ್ಕೆ ಶಿಬಿರದಲ್ಲಿ ಮಾಡುವಂಥ ಮಾಲಿಕ್ಯುಲರ್ ಟೆಸ್ಟ್ ನಮ್ಮ ಜನರಿಗೆ ಹೊಂದುವಂಥದ್ದು ಇಲ್ಲ. ಪಶ್ಚಿಮದಲ್ಲಿ ದಾರಕ್ಕೆ ಕಟ್ಟಿದ ಸ್ಪಂಜ್ ನುಂಗಿಸಿ ನೋಡುವ ವಿಧಾನ ಬ್ಯಾರೆಟ್ಸ್ ಎಂಬ ಬೇರೆ ರೋಗಕ್ಕಾಗಿ ಬೆಳೆದದ್ದು. ನಮ್ಮಲ್ಲಿ ಹೆಚ್ಚು ಕಾಣುವುದು ತಂಬಾಕಿನಿಂದ ಬರುವ ಸ್ಕ್ವಾಮಸ್ (ಒಳಪದರದ ಚಪ್ಪಟೆ ಕೋಶಗಳ) ಕ್ಯಾನ್ಸರ್. ಅದಕ್ಕೆ ಎಂಡೋಸ್ಕೋಪಿಯಲ್ಲಿ ಲ್ಯೂಗಾಲ್ ಅಯೋಡಿನ್ ಸಿಂಪಡಿಸಿದರೆ ಆರೋಗ್ಯದ ಪದರ ಕಂದಾಗುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯದೆ ಹಳದಿಯಾಗಿ ಉಳಿಯುತ್ತದೆ, ಬಯಾಪ್ಸಿ ಅಲ್ಲಿಂದಲೇ. ಬಾಯಿ ಕ್ಯಾನ್ಸರ್ ಆದವರಿಗೆ ಅನ್ನನಾಳವನ್ನೂ ನೋಡಿಸಿ. ರೊಟ್ಟಿ ನುಂಗಲು ಕಷ್ಟ ಅಂದವರಿಗೆ ಯಾವ ರಕ್ತಪರೀಕ್ಷೆಯೂ ಬೇಡ, ಅದೇ ವಾರ ಎಂಡೋಸ್ಕೋಪಿ.

ಹೊಟ್ಟೆಯ ಕ್ಯಾನ್ಸರ್‌ಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, 1994ರಲ್ಲೇ ಅದನ್ನು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಐಎಆರ್‌ಸಿ ಸಾರಿದೆ. ಮಲದ ಆ್ಯಂಟಿಜೆನ್ ಅಥವಾ ಯೂರಿಯಾ ಉಸಿರಿನ ಪರೀಕ್ಷೆ ಸಾಕು. ಆದರೆ ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ಎರಡು ವಾರ, ಆ್ಯಂಟಿಬಯಾಟಿಕ್ ನಾಲ್ಕು ವಾರ ನಿಂತಿರಬೇಕು, ಇಲ್ಲದಿದ್ದರೆ ಸುಳ್ಳು ನೆಗೆಟಿವ್. ಚಿಕಿತ್ಸೆಗೆ ಬಗ್ಗದವರಲ್ಲಿ ಪಿಸಿಆರ್ ಉಪಯೋಗಕ್ಕೆ ಬರುತ್ತದೆ. ಆ ಬ್ಯಾಕ್ಟೀರಿಯಾದ 23ಎಸ್ ಆರ್‌ಆರ್‌ಎನ್‌ಎ ಜೀನಿನಲ್ಲಿ 2142 ಅಥವಾ 2143ನೇ ಜಾಗ ಬದಲಾಗಿದ್ದರೆ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಬೇರೆ ಔಷಧ ಹಾಕಬೇಕು.

ಬೆಟಗೇರಿಯವರೇ, ನಿಮ್ಮ ಫಾರ್ಮ್‌ನಲ್ಲಿ ಮೂರು ಕಾಲಂ ಸೇರಿಸಿಬಿಡಿ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ. ಸೋದರತ್ತೆ, ಚಿಗವ್ವ, ಅಜ್ಜ-ಅಜ್ಜಿಯಲ್ಲಿ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿದೆಯೇ. ಆಪರೇಷನ್ ಎಲ್ಲಿ ಆಯಿತು, ಬಯಾಪ್ಸಿ ನಂಬರ್ ಏನು. ಮೊದಲೆರಡರಲ್ಲಿ ಹೌದು ಅಂದವರಿಗೆ ಟ್ಯೂಬ್ ಕೊಡುವ ಮುಂಚೆ ನಮ್ಮಲ್ಲಿ ಯಾರಾದರೊಬ್ಬರಿಗೆ ತೋರಿಸಿ.